ದೀಪದ ಹೊತ್ತಿನ ‘ಡನ್ ಇನ್’

ಪಕ್ಕದ ಮನೆಯಲ್ಲಿ ಹುರುಳಿಕಾಳು ಬೇಯುತ್ತಿದ್ದ ವಾಸನೆ ಮೊನ್ನೆ ಸಂಜೆ ಕಿಟಕಿಯಿಂದ ಒಳಗೆ ಬಂತು. ಮಂಡ್ಯದ ನಮ್ಮ ಬಡಾವಣೆಯಲ್ಲಿ ಈಗ ಅದು ಅಪರೂಪ. ದೀಪಕ್ಕೆ ಹಾಕಬೇಕಿದ್ದ ಬತ್ತಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಹಿಂದೆ ಬ್ಲಫ್‌ನ ಪವರ್ ಹೌಸ್ ಕ್ವಾರ್ಟರ್ಸ್‌ನಲ್ಲಿದ್ದಾಗ, ದಿನಾ ಹುರುಳಿ ಬೇಯಿಸುತ್ತಿದ್ದ ಪಕ್ಕದ ಮನೆಯ ಸೊಸೆ ನೆನಪಾದಳು...

ಕಿರುಗಾವಲಿನ ಕಡೆಯವಳು. ಮಾವ, ಗಂಡ, ಮೈದುನ ಮೂವರೂ ಪವರ್ ಹೌಸಿನಲ್ಲಿ. ಮೂವರದೂ ಬೇರೆ ಬೇರೆ ಶಿಫ್ಟು. ಆ ಮನೆಯಲ್ಲಿ ಆರಿದ ಮುದ್ದೆಯನ್ನು ಯಾರಿಗೂ ಬಡಿಸುವ ಹಾಗಿರಲಿಲ್ಲ. ಒಬ್ಬರು ಉಂಡು ಮಲಗುವ ಹೊತ್ತಿಗೆ ಇನ್ನೊಬ್ಬರು ಬರುತ್ತಿದ್ದರು. ಒಲೆಗೆ ಬಿಡುವಿಲ್ಲ, ಅವಳ ನಿದ್ದೆಯೆಲ್ಲ ತುಂಡು ತುಂಡು.

ಆದರೂ ‘ಸುಸ್ತು’ ಅನ್ನುವಂತಿಲ್ಲ. ದೀಪ ಹಚ್ಚಿದ ಮೇಲೆ ಆ ಮಾತು ಆಡಿದರೆ ಮನೆಗೆ ಒಳ್ಳೆಯದಲ್ಲ ಎಂದು ಅತ್ತೆಯ ಕಟ್ಟಪ್ಪಣೆ. ಹಗಲಲ್ಲಿ ಅಂದರೆ, “ಯಾವ್ ಬೆಟ್ಟ ಕಡ್ದ್ ಬಂದೆ?” ಎಂಬ ಕುಟುಕು.

ಒಂದು ದಿನ ಕಾಂಪೌಂಡಿನ ಗೋಡೆಗೆ ಮೊಣಕೈ ಊರಿ ಕೇಳಿದಳು: “ಅಕ್ಕಾ, ನೀವು ಕಾನ್ವೆಂಟ್‌ನಾಗೆ ಓದ್ದೋರು. ಸುಸ್ತಾಯ್ತು ಅನ್ನಕೆ ಇಂಗ್ಲಿಸ್‌ನಾಗೆ ಏನಂತಾರೆ?”

“ಟೈಯರ್ಡ್.”

“ಅದು ನಮ್ಮತ್ತೆಗೂ ಗೊತ್ತು ಕಣಕ್ಕ. ಬ್ಯಾರೆ ಯೇಳಿ.”

ಆಗ ಹೇಳಿಕೊಟ್ಟೆ: ಡನ್ ಇನ್. ಪೂರ್ತಿ ಬಸವಳಿದವರು ಆಡುವ ಇನ್‌ಫಾರ್ಮಲ್ ಮಾತು. ನಮ್ಮ ಸಿಸ್ಟರ್‌ಗಳು ಅದನ್ನು ಎಸ್ಸೇಯಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಹಾಸ್ಟೆಲ್ ವರಾಂಡದಲ್ಲಿ ಮಾತ್ರ ನಡೆಯುತ್ತಿತ್ತು. ಬಿಸಿಲೋ ಕೆಲಸವೋ ಮನುಷ್ಯರನ್ನು ‘ಡೂ ಇನ್’ ಮಾಡಬಹುದು, ಅಂದರೆ ಹೈರಾಣಾಗಿಸಬಹುದು, ಎಂದೂ ಅಂದೆ. “ನನ್ನನ್ನ ಮುದ್ದೆ ಕೋಲೇ ಡೂ ಇನ್ ಮಾಡ್ತದೆ ಬುಡಿ,” ಎಂದು ನಕ್ಕಳು. ಕೊಂದುಹಾಕುವುದಕ್ಕೂ ಅದೇ ಮಾತು. ಅದನ್ನು ಹೇಳುವ ಮನಸ್ಸಾಗಲಿಲ್ಲ...

ಅಂದಿನಿಂದ ದಿನಾ ದೀಪದ ಹೊತ್ತಿಗೆ ಗೋಡೆಯಾಚೆಯಿಂದ, “ಅಕ್ಕಾ, ಡನ್ ಇನ್!” ನಾನು ಈಚೆಯಿಂದ, “ಮೀ ಟೂ!” ಅಷ್ಟು ಅಂದು ಅವಳು ಮತ್ತೆ ಒಲೆಯ ಮುಂದೆ.

ಒಂದು ಸಂಜೆ ಗೋಡೆಯ ಹತ್ತಿರ ಅತ್ತೆಯೇ ಬಂದರು. ಹಿಂದೆ ಬಿಳಿಚಿಕೊಂಡ ಸೊಸೆ. ಅವಳು ಕೂತಲ್ಲೇ ತೂಕಡಿಸಿ ಮುದ್ದೆಯ ಹಿಟ್ಟಿನ ತಳ ಹತ್ತಿಸಿದ್ದಳಂತೆ.

“ಅದೇನ್ ಕಣಮ್ಮ, ದೀಪದ್ ಒತ್ನಾಗೆ ದಿನಾ ಇವ್ಳು ಕೂಗದು? ನನ್ನೇ ಬಯ್ತಾಳಾ?”

“ಸುಸ್ತಾಗಿದೆ ಅಂತಾಳೆ. ಇನ್ನು ಕೈಲಾಗಲ್ಲ ಅನ್ನೋವಷ್ಟು.”

ಅತ್ತೆ ಸೊಸೆಯ ಮುಖ ನೋಡಿದರು. ಆಮೇಲೆ ಒಳಗೆ ಉರಿಯುತ್ತಿದ್ದ ದೀಪದ ಕಡೆ. ಇವಳನ್ನು ಇನ್ನು ತವರಿಗೆ ಅಟ್ಟಿಯೇಬಿಡುತ್ತಾರೆ ಎಂದು ನನಗೆ ಭಯವಾಯಿತು.

“ಇಂಗ್ಲಿಸ್‌ನಾಗೆ ಅಂದ್ರೆ ದೀಪಕ್ಕೆ ತಿಳಿಯಾಕಿಲ್ವಾ?”

“ಇಲ್ಲ ಅನ್ಸುತ್ತೆ.”

“ಅಂಗಾರೆ ನಂಗೂ ವಸಿ ಯೇಳ್ಕೊಡು. ಈ ಮನೆಗೆ ಬಂದಾಗಿಂದ ಬಾಯ್ ಕಟ್ಕೊಂಡಿವ್ನಿ.”

ಮೆಲ್ಲಗೆ ಬಾಯಿಪಾಠ ಮಾಡಿಕೊಂಡರು. ಸೊಸೆಯತ್ತ ತಿರುಗಿ, “ಓಗ್ಲೇ, ಮನಿಕೊ ಓಗು. ಇವತ್ತು ರಾತ್ರಿ ಇಟ್ಟು ನಾನ್ ತಿರುವ್ತೀನಿ,” ಅಂದರು.

ಮರುದಿನ ಬಿಸಿಲೇರುವ ತನಕ ಅವಳು ಗೋಡೆಯ ಹತ್ತಿರ ಕಾಣಲಿಲ್ಲ.

ಆಮೇಲೆ ನಮಗೆ ಟ್ರಾನ್ಸ್‌ಫರ್ ಆಯಿತು. ಎಷ್ಟೋ ವರ್ಷಗಳ ಮೇಲೆ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಅವಳ ಮೈದುನ ಸಿಕ್ಕ. “ಅತ್ತಿಗೆ ಓಗ್ಬುಟ್ರು ಕಣಕ್ಕ. ಮದ್ಯಾನ ವಸಿ ಮನಿಕೋತೀನಿ ಅಂದ್ರು, ಏಳ್ಲೇ ಇಲ್ಲ...” ನನ್ನ ಬಸ್ಸು ಬಂತು. ಹತ್ತಿಬಿಟ್ಟೆ.

ಮೊನ್ನೆ ನಾನು ದೀಪ ಹಚ್ಚುವಷ್ಟರಲ್ಲಿ ನನ್ನ ಸೊಸೆ ಕಾಲೇಜಿನಿಂದ ಬಂದಳು. “ಸಿಕ್ಕಾಪಟ್ಟೆ ಸುಸ್ತು, ಅತ್ತೆ,” ಎಂದು ದೀಪದ ಎದುರಿಗೇ ಸೋಫಾದಲ್ಲಿ ಒರಗಿದಳು. ಕಾಫಿ ಮಾಡಿ ಕೊಟ್ಟೆ. ನನಗೂ ಸುಸ್ತೇ, ಆದರೆ ಈ ವಯಸ್ಸಿನ ಸುಸ್ತು ಮಲಗೆದ್ದರೆ ಹೋಗುವಂಥದ್ದಲ್ಲ. ಕಿಟಕಿ ಮುಚ್ಚಲು ಹೋದವಳು ಹುರುಳಿಯ ವಾಸನೆ ಬರುತ್ತಿದ್ದ ಕಡೆಗೆ ಮೆಲ್ಲಗೆ ‘ಡನ್ ಇನ್’ ಅಂದೆ. ಆಚೆ ಮನೆಯ ಕುಕ್ಕರ್ ಒಮ್ಮೆ ಕೂಗಿ ಸುಮ್ಮನಾಯಿತು.