ಕ್ಲಚ್ ಕಾಲು

ಎಡ ಅಂಗಾಲಿನಲ್ಲಿ ಇರುವೆ ಹರಿದಂತಾಗುತ್ತಿತ್ತು. ಮೊದಲು ಅಷ್ಟೇ. ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿಯುವಾಗ ಕ್ಲಚ್ ತುಳಿದೂ ತುಳಿದೂ ಜೋಮು ಹಿಡಿದಿರಬೇಕು ಎಂದುಕೊಂಡೆ. ಶುಗರ್ ಇರುವುದು ಗೊತ್ತಿತ್ತು. ಮಾತ್ರೆ ನೆನಪಾದರೆ ನುಂಗುತ್ತಿದ್ದೆ. ಆಮೇಲೆ ಇರುವೆ ಹರಿಯುವುದೂ ನಿಂತಿತು. ವಾಸಿಯಾಯಿತು ಎಂದು ಹೆಂಡತಿ ಗಿರಿಜಾಳ ಎದುರು ಜಂಬ ಕೊಚ್ಚಿದೆ.

ವಾಸಿಯಾಗಿರಲಿಲ್ಲ. ಸ್ಪರ್ಶವೇ ಹೋಗಿತ್ತು.

ಮೂವತ್ತು ವರ್ಷ ಲಾರಿ ಓಡಿಸಿದ್ದೇನೆ. ಒಂದು ನಾಯಿಯನ್ನೂ ಅಡಿಗೆ ಹಾಕಿದವನಲ್ಲ. ಹೇಳಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಗಾಡಿ ನಮಗೆ ಅನ್ನ ಕೊಡುವ ದೇವರು. ಚಪ್ಪಲಿ ಕಳಚದೆ ಕ್ಯಾಬಿನ್ ಹತ್ತುವುದಿಲ್ಲ, ಬರಿಗಾಲಲ್ಲೇ ಓಡಿಸುತ್ತೇವೆ. ಎಡಗಾಲಿನ ಪಕ್ಕದಲ್ಲೇ ಎಂಜಿನ್ ಪೆಟ್ಟಿಗೆ. ಅದರ ರೆಕ್ಸಿನ್ ಹರಿದು ಕಬ್ಬಿಣ ಕಾಣುತ್ತಿತ್ತು. ಒಂದು ದಿನ ಅಂಕೋಲೆಗೆ ಹೋಗಿ ಬರುವವರೆಗೂ ನನ್ನ ಎಡಗಾಲಿನ ಕಿರುಬೆರಳು ಆ ಕಾದ ಕಬ್ಬಿಣಕ್ಕೆ ತಾಗಿಕೊಂಡೇ ಇತ್ತು.

ಮನೆಯಲ್ಲಿ ಕಾಲು ತೊಳೆಯುವಾಗ ಗಿರಿಜಾ ಚೀರಿದಳು. "ಅಯ್ಯೋ, ಎಂತ ಮಾಡ್ಕಂಡ್ರಿ ಇದು? ಬೆರಳು ಸುಟ್ಟು ಬೊಕ್ಕೆ ಎದ್ದದೆ!"

"ಎಂತದೂ ಇಲ್ಲ ಮಾರಾಯ್ತಿ, ನೋವೇ ಇಲ್ಲ" ಎಂದೆ. ಅರಿಶಿನ ಹಚ್ಚಿಕೊಂಡು ಇನ್ನೂ ನಾಲ್ಕು ಟ್ರಿಪ್ ಹೊಡೆದೆ.

ಬೆರಳು ಕಪ್ಪಾಯಿತು.

ಶಿರಸಿಯಲ್ಲಿ ಡಾಕ್ಟರು ಕಣ್ಣು ಮುಚ್ಚಲು ಹೇಳಿ, ಸೂಜಿ ತಾಗಿದಾಗ ಹೇಳಿ ಎಂದರು. ಕಾದೆ. ಯಾವಾಗ ಚುಚ್ಚುತ್ತಾರೋ ಎಂದು ಕಾದೇ ಕಾದೆ.

"ಮುಗೀತು, ಕಣ್ಣು ಬಿಡಿ" ಎಂದರು. "ಸಕ್ಕರೆ ನರ ತಿಂದು ಹಾಕಿದೆ. ಕಾಲಿಗೆ ರಕ್ತಾನೂ ಸರಿಯಾಗಿ ಇಳೀತಿಲ್ಲ. ಹೀಗೇ ಬಿಟ್ರೆ ನಾಳೆ ಕಣ್ಣು, ಕಿಡ್ನಿ. ಬೆರಳು ತೆಗೀಲೇಬೇಕು. ಗ್ಯಾಂಗ್ರೀನ್ ಮೇಲೆ ಹತ್ತಿದ್ರೆ ಪಾದಾನೇ ಹೋಗ್ತದೆ."

ಗಿರಿಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೂ ಹೆದರಿಕೆಯಾಯಿತು. ತುಂಬ.

ಬೆರಳು ಹೋಯಿತು. ಪಾದ ಉಳಿಸಿಕೊಳ್ಳಲು ಮೂರು ತಿಂಗಳು ಡ್ರೆಸ್ಸಿಂಗ್, ಇನ್ಸುಲಿನ್. ಗಿರಿಜಾ ಸಕ್ಕರೆ ಡಬ್ಬಿಯನ್ನೇ ಮನೆಯಿಂದ ಓಡಿಸಿದಳು. ನಾನು ಲಾರಿಯ ಹಳೆಯ ಸೈಡ್ ಮಿರರ್ ತಂದು, ಕಾಲಡಿ ಹಿಡಿದು, ದಿನಾ ಬೆಳಿಗ್ಗೆ ಅಂಗಾಲು ನೋಡಿಕೊಳ್ಳತೊಡಗಿದೆ. ಕನ್ನಡಿ ನೋಡಿಯೇ ಜೀವ ಉಳಿಸಿಕೊಂಡು ಬಂದವನಿಗೆ ಅದೇನು ಮಹಾ! ಪಾದ ಉಳಿಯಿತು.

ಸ್ಟೇರಿಂಗ್ ಮಾತ್ರ ಬಿಟ್ಟೆ. ತನ್ನ ಕಾಲು ಕ್ಲಚ್ಚಿನ ಮೇಲಿದೆಯೋ ಇಲ್ಲವೋ ತಿಳಿಯದವನು ಘಟ್ಟ ಇಳಿಯಬಾರದು. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟಿದ್ದು. ಬಿಡುವುದು ಸುಲಭವಿರಲಿಲ್ಲ. ಆದರೂ ಆ ಮೂವತ್ತು ವರ್ಷಕ್ಕಿಂತ ಈ ಒಂದು ತೀರ್ಮಾನದ ಬಗ್ಗೆಯೇ ನನಗೆ ಹೆಮ್ಮೆ ಜಾಸ್ತಿ.

ಈಗ ನನ್ನ ಲಾರಿ ಓಡಿಸುವವನು ಗೆಳೆಯ ರಫೀಕ್. ಅವನಿಗೂ ಶುಗರ್. ಮೊನ್ನೆ ಮೊದಲ ದಿನ, ರೂಢಿಯಂತೆ ಚಪ್ಪಲಿ ಕಳಚಿ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕಾಲಿಟ್ಟ. ನಾನು ಹೊಸ ಬೂಟು ಅವನ ಕೈಗಿಟ್ಟೆ.

"ಇದನ್ನ ಹಾಕ್ಕಂಡೇ ಹತ್ತು."

"ಗಾಡಿಗೆ ಮರ್ಯಾದೆ ಬೇಡ್ವಾ ಅಣ್ಣಾ?"

ನಾನು ನನ್ನ ಎಡಗಾಲಿನ ಬೂಟು ಬಿಚ್ಚಿ, ನಾಲ್ಕೇ ಬೆರಳಿನ ಪಾದ ತೋರಿಸಿದೆ.

"ನಿನ್ನ ಪಾಲಿಂದೂ ನಾನೇ ಕೊಟ್ಟಾಗಿದೆ" ಎಂದೆ.

ರಫೀಕ್ ಮೆಟ್ಟಿಲಿನಿಂದ ಇಳಿದು, ಅಲ್ಲೇ ಕೂತು ಬೂಟು ಹಾಕಿಕೊಂಡ.