ತಾತನ ಕತ್ತಿಗೆ ಸಹಿ ಹಾಕದ ಈರಪ್ಪ

ಹವಾಲ್ದಾರ್ ಈರಪ್ಪನವರು ಕೈಗೆ ಏನು ಕೊಟ್ಟರೂ ಮೊದಲು ಅದರ ತಳ ನೋಡುತ್ತಿದ್ದರು. ಹಬ್ಬದ ದಿನ ಪಾಯಸದ ಬಟ್ಟಲು ಕೊಟ್ಟರೆ ಅದನ್ನೂ ತಲೆಯ ಮೇಲಕ್ಕೆತ್ತಿ, ಅಡಿಯ ಮುದ್ರೆ ಓದಿ, ಆಮೇಲೆ ಹೆಂಡತಿ ನೀಲವ್ವನಿಗೆ ದಾಟಿಸುವರು. ಚೆನ್ನಾಗಿದೆ ಎಂಬ ಒಂದು ಮಾತಿಲ್ಲ. ನನ್ನ ನಾದಿನಿ ದುಬೈಯಿಂದ ತಂದ ಚಾಕುವನ್ನು ತಿರುಗಿಸಿ ನೋಡಿ, ಇದು ಇಲ್ಲೇ ಪೀಣ್ಯದ ಕಾರ್ಖಾನೆಯಲ್ಲಿ ಮಾಡಿದ್ದು ಎಂದು ನೆಂಟರೆದುರೇ ಹೇಳಿಬಿಟ್ಟರು. ಅವಳು ಆ ಚಾಕುವನ್ನು ಮತ್ತೆ ಮುಟ್ಟಲಿಲ್ಲ.

ಅಟ್ಟೂರಿನ ನಮ್ಮ ಮನೆಯ ನೆಲಮಹಡಿಗೆ ಅವರು ಬಾಡಿಗೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಗದಗದ ಕಡೆಯವರು, ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದವರು. ಸಂಪು ತುಂಬಿ ನೀರು ಹರಿದರೆ ಗೇಟಿನ ಹತ್ತಿರ ನಿಂತು, ನನಗೆ ಕೇಳಲೆಂದೇ, ಜಮೀನು ಮಾರಿ ಕೂತವರಿಗೆ ನೀರಿನ ಬೆಲೆ ಏನು ಗೊತ್ತು ಎನ್ನುವರು. ನಮ್ಮ ಮಿಕ್ಸಿ, ಬೀಗ ಏನೇ ಕೆಟ್ಟರೂ ಸರಿಮಾಡಿ ಕೊಡುವರು, ಆದರೆ ಬೈಯದೆ ಕೊಟ್ಟವರಲ್ಲ. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನೀಲವ್ವ ಮಂಡಿನೋವಿನಿಂದ ಒಂದು ಮೆಟ್ಟಿಲೂ ಹತ್ತಲಾರರು. ಅವರ ಮುಖ ನೋಡಿ ಸುಮ್ಮನಿರುತ್ತಿದ್ದೆ.

ನಮ್ಮ ದೇವರಮನೆಯಲ್ಲಿ ಒಂದು ಬಯೋನೆಟ್ ಇದೆ, ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ. ನನ್ನ ಮಾವನವರ ತಾತ ಮೊದಲನೇ ಮಹಾಯುದ್ಧಕ್ಕೆ ಹೋಗಿ, ಶತ್ರುವಿನ ಕೈಯಿಂದ ಕಿತ್ತು ತಂದಿದ್ದೆಂದು ಮನೆಯವರ ನಂಬಿಕೆ. ವರ್ಷವರ್ಷವೂ ಆಯುಧಪೂಜೆಗೆ ಹುಣಸೇಹಣ್ಣು, ಇಟ್ಟಿಗೆಪುಡಿ ಹಾಕಿ ಅದನ್ನು ತಿಕ್ಕುವುದು ಸೊಸೆಯಾದ ನನ್ನ ಕೆಲಸ. ಹೋದ ವರ್ಷ ಮಾವ ನಮ್ಮ ಲೇಔಟಿಗೆ ತಾತನ ಹೆಸರಿನ ಕಮಾನು ಕಟ್ಟಿಸಲು ಹೊರಟಾಗ ಅಲ್ಲಿನ ಅಪಾರ್ಟ್‌ಮೆಂಟಿನವರು ತಾತ ಯುದ್ಧಕ್ಕೆ ಹೋದದ್ದಕ್ಕೆ ಪುರಾವೆ ಕೇಳಿದರು. ಸೈನ್ಯದಲ್ಲಿದ್ದ ಈರಪ್ಪನವರಿಂದ ಕತ್ತಿ ಆ ಯುದ್ಧದ್ದೇ ಎಂದು ಒಂದು ಕಾಗದ ಬರೆಸಿಕೊಂಡರೆ ಮುಗಿಯಿತೆಂದು ಮಾವ ಕತ್ತಿ ಕೊಟ್ಟು ನನ್ನನ್ನು ಕಳಿಸಿದರು.

ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ ಒಯ್ದೆ. ಅವರು ಕುಂಕುಮ ಒರೆಸಿ, ಅಲಗಿನ ಬುಡ ನೋಡಿ ಸಿಡುಕಿದರು. ತಿಕ್ಕಿದವರು ಯಾರೆಂದು ಕೇಳಿದರು. ನಾನೇ ಎಂದೆ.

"ಮುದ್ರಿ ಇರೂ ಜಾಗಾನ ತಿಕ್ಕಿ ತಿಕ್ಕಿ ಅಳಿಸೀರಲ್ರೀ. ಪೂಜಿ ಮಾಡ್ತೀವಂತ ಕತ್ತಿ ಹೆಸರಾ ಅಳಿಸಿಬಿಟ್ರಿ."

ಬೈಯುತ್ತಲೇ ಮರದ ಹಿಡಿಯ ತಿರುಪು ಬಿಚ್ಚಿದರು. ಅದರಡಿಗೆ ನನ್ನ ಹುಣಸೇಹಣ್ಣು ಹೋಗಿರಲಿಲ್ಲ. ಸೀಮೆಎಣ್ಣೆ ಹಚ್ಚಿ ಒರೆಸಿದಾಗ ಸಣ್ಣದೊಂದು ಇಸವಿ ಎದ್ದಿತು. ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟರು. ಓದಿದೆ, ಎರಡನೇ ಯುದ್ಧದ ಕಾಲದ್ದು. ನಮ್ಮ ತೋಟದ ಸಮಾಧಿ ಕಲ್ಲಿನ ಪ್ರಕಾರ ಅಷ್ಟು ಹೊತ್ತಿಗೆ ತಾತ ತೀರಿಕೊಂಡು ಆರು ವರ್ಷ. ಈರಪ್ಪ ಅಲಗನ್ನು ಗೇಣಿನಲ್ಲಿ ಅಳೆದರು. ಮೊದಲನೇ ಯುದ್ಧದಲ್ಲಿ ನಮ್ಮವರ ಕತ್ತಿ ಹತ್ತಿರ ಹತ್ತಿರ ಒಂದು ಮೊಳ ಇರುತ್ತಿತ್ತಂತೆ. ಇದು ಒಂದು ಗೇಣು ನಾಲ್ಕು ಬೆರಳು, ಆಮೇಲೆ ನಮ್ಮ ದೇಶದ ಕಾರ್ಖಾನೆಯಲ್ಲೇ ಗಿಡ್ಡ ಮಾಡಿ ತಯಾರಿಸಿದ್ದು. ಯುದ್ಧ ಮುಗಿದ ಮೇಲೆ ಗುಜರಿಗೆ ಬಿದ್ದದ್ದನ್ನು ಮನೆಯವರು ಯಾರೋ ಕೊಂಡಿರಬೇಕು ಎಂದರು.

ಅಷ್ಟರಲ್ಲಿ ಮಾವ ಮೇಲಿನಿಂದ ಇಳಿದು ಬಂದರು. ಗುಜರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮುಖ ಕೆಂಪಾಯಿತು. ಈರಪ್ಪ ಭೂತಗನ್ನಡಿ ಚಾಚಿದರೂ ಅವರು ಮುಟ್ಟಲಿಲ್ಲ. ನನ್ನ ಕಡೆ ತಿರುಗಿದರು.

"ನೀನೂ ಇಲ್ಲೇ ಇದ್ದೆ ಅಲ್ವೇನಮ್ಮ. ಅದ್ರಾಗೆ ಏನಾರ ಬರ್ದಿತ್ತಾ? ಹೇಳು."

"ನಂಗೇನೂ ಕಾಣ್ಸಿಲ್ಲ ಮಾವ" ಎಂದೆ.

ಮಾವನ ಹೆದರಿಕೆಯೊಂದೇ ಅಲ್ಲ, ಹನ್ನೊಂದು ವರ್ಷ ಬೈಸಿಕೊಂಡ ಸಿಟ್ಟೂ ಆ ಮಾತಿನಲ್ಲಿತ್ತು. ಈರಪ್ಪ ಹಿಡಿಯ ತಿರುಪುಗಳನ್ನು ಒಂದೊಂದಾಗಿ ಬಿಗಿದರು.

ಕಾಗದ ಬರೆದುಕೊಡಬೇಕು, ಇಲ್ಲ ತಿಂಗಳೊಳಗೆ ಮನೆ ಖಾಲಿ ಮಾಡಬೇಕು ಎಂದರು ಮಾವ. ಮಾರನೇ ದಿನ ನಾನೇ ಹೋಗಿ, ನೀಲವ್ವನ ಕಾಲು ನೋಡಿಯಾದರೂ ಒಂದು ಸಹಿ ಹಾಕಿ ಎಂದು ಬೇಡಿಕೊಂಡೆ. ಅವರು ತಲೆ ಎತ್ತಲಿಲ್ಲ.

"ಬಂದೂಕು ಸರಿ ಐತಿ ಅಂತ ನಾ ಸಹಿ ಹಾಕಿದ್ರ, ಅದನ್ನ ನಂಬಿ ಒಬ್ಬಾಂವ ಹಿಡಕೊಂಡು ಮುಂದ ಹೋಗ್ತಿದ್ದಾ. ನೋಡದ್ದನ್ನ ನೋಡೇನಿ ಅಂತ ಬರೆಯೂ ಕೈ ಅಲ್ರೀ ಇದು."

ತಿಂಗಳು ತುಂಬುವ ಮೊದಲೇ ಟೆಂಪೋ ತರಿಸಿದರು. ಕಾಗದವನ್ನು ಬೇರೆ ಯಾರೋ ಬರೆದುಕೊಟ್ಟರು, ಕಮಾನೂ ಎದ್ದಿತು. ನನಗೆ ಮಾತ್ರ ಅದರ ಕೆಳಗೆ ನಡೆಯಲು ನಾಚಿಕೆ. ಬೈಯುವವರಿಲ್ಲದೆ ನೀರು ಹರಿದು ಹೋಗುವಾಗ ಅವರು ಬಹಳ ನೆನಪಾಗುತ್ತಿದ್ದರು.

ನಾಲ್ಕು ತಿಂಗಳ ಮೇಲೆ ವಿಳಾಸ ಹುಡುಕಿಕೊಂಡು ದಾಸರಹಳ್ಳಿಗೆ ಹೋದೆ. ಎರಡನೇ ಮಹಡಿ, ಕಡಿದಾದ ಮೆಟ್ಟಿಲು. ಮನೆಗೆ ಬಂದ ದಿನ ನೀಲವ್ವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರಂತೆ, ಆಮೇಲೆ ಅವರು ಕೆಳಗಿಳಿದೇ ಇಲ್ಲವೆಂದು ಕೆಳಮನೆಯವರು ಹೇಳಿದರು. ಈರಪ್ಪ ಬಾಗಿಲು ತೆರೆದು, ಹೊಸ್ತಿಲಿಗೆ ಅಡ್ಡ ನಿಂತರು. ತಪ್ಪಾಯಿತು ಎಂದೆ.

"ಅವತ್ತು ಇಸವಿ ಕಾಣಿಸ್ತೋ ಇಲ್ಲೋ?"

"ಕಾಣಿಸ್ತು."

"ಹೋಗಿ ನಿಮ್ಮ ಮಾವಗ ಹೇಳ್ರಿ. ನನಗ್ಯಾಕ ಹೇಳ್ತೀರಿ, ನನಗ ಗೊತ್ತೈತಿ."

ಒಳಗಿನಿಂದ ನೀಲವ್ವ, ಯಾರು ಬಂದಾರ ಎಂದು ಕೂಗಿ ಕೇಳಿದರು.

ಈರಪ್ಪ ನನ್ನನ್ನೇ ನೋಡುತ್ತ, "ಯಾರೂ ಕಾಣಸವಲ್ರು" ಎಂದು ಬಾಗಿಲು ಹಾಕಿಕೊಂಡರು.