ಬಚ್ಚಲುಮನೆಯ ಲೈನು

ಹಳೇಬೀಡಿನ ನಮ್ಮ ಮನೆಯ ಕರೆಂಟ್ ಬೋರ್ಡನ್ನು ಹೋದ ವರ್ಷ ಬದಲಾಯಿಸಿದೆವು. ಹಟ ಹಿಡಿದವಳು ಮಗಳು. ಅವಳು ಬೇಲೂರಿನಲ್ಲಿ ಹೈಸ್ಕೂಲ್ ಟೀಚರ್. ದಿನಾ ಬಸ್ಸಿಗೆ ಕಾದು ಸಾಕಾಗಿ ಒಂದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡಳು. ಅದನ್ನು ಚಾರ್ಜಿಗೆ ಹಾಕಿದ ಮೊದಲ ವಾರದಲ್ಲೇ ಮೂರು ಸಲ ಫ್ಯೂಸ್ ಹೋಯಿತು. ಮೂರನೆಯ ಸಲ ಬೋರ್ಡಿನ ಮರದ ಹಲಗೆಯೇ ಸುಟ್ಟ ವಾಸನೆ ಬಂತು.

ಮನೆ ಕಟ್ಟಿದಾಗ ಹಾಕಿಸಿದ ಹಲಗೆ ಅದು. ಮೇಲೆ ಎರಡು ಪಿಂಗಾಣಿ ಫ್ಯೂಸು, ಒಂದು ಕಬ್ಬಿಣದ ಮೇನ್ ಸ್ವಿಚ್ಚು. ಫ್ಯೂಸ್ ಹೋದಾಗಲೆಲ್ಲ ನಾನೇ ಸ್ಟೂಲ್ ಹತ್ತಿ ತಂತಿ ಸುತ್ತುತ್ತಿದ್ದೆ. ರಿಟೈರ್ ಆಗುವವರೆಗೂ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ನಾನು. ಇಷ್ಟಕ್ಕೆಲ್ಲ ಇನ್ನೊಬ್ಬರನ್ನು ಕರೆಯುವುದು ಅವಮಾನ ಎಂದುಕೊಂಡಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಹಗರೆಯಿಂದ ಎಲೆಕ್ಟ್ರಿಷಿಯನ್ ಬಂದ. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಹಲಗೆಯ ಹಿಂದೆ ಟಾರ್ಚ್ ಬಿಟ್ಟು ತುಂಬಾ ಹೊತ್ತು ನೋಡಿದ.

"ಮೇಷ್ಟ್ರೇ, ಅರ್ತ್ ಎಲ್ಲಿ ಮಾಡಿಸಿದ್ರಿ?"

"ಹಿತ್ತಲಲ್ಲಿ."

ಹಿತ್ತಲಿಗೆ ಹೋದೆವು. ಅಲ್ಲೆಲ್ಲ ಸಿಮೆಂಟ್ ಹಾಸು. ಗೋಡೆಯ ಬುಡದಲ್ಲಿ ಅವನು ಸ್ಕ್ರೂಡ್ರೈವರಿನಿಂದ ಕೆರೆದ. ನೆಲದ ಮಟ್ಟಕ್ಕೆ ಕತ್ತರಿಸಿದ್ದ ಪೈಪಿನ ತುಕ್ಕು ಹಿಡಿದ ಬಾಯಿ ಕಂಡಿತು.

"ಯಾರೋ ಕೊಯ್ದವ್ರೆ ಸಾರ್. ಇದಕ್ಕಿದ್ದ ತಂತಿನೂ ಇಲ್ಲ. ಸೋರಿದ ಕರೆಂಟು ನೆಲಕ್ಕೆ ಇಳಿಯೋಕೆ ನಿಮ್ಮ ಮನೆಗೆ ಅರ್ತೇ ಇಲ್ಲ."

ಕೊಯ್ಯಿಸಿದವನು ನಾನೇ. ಏಳೆಂಟು ವರ್ಷಗಳ ಹಿಂದೆ ಹಿತ್ತಲಿಗೆ ಸಿಮೆಂಟ್ ಹಾಕಿಸುವಾಗ ಗಾರೆ ಕೆಲಸದವನು ಬಂದು, "ಈ ಪೈಪು ಅಡ್ಡ ಬತ್ತೈತೆ, ತೆಗೀಲಾ?" ಎಂದು ಕೇಳಿದ್ದ. ನಾನು ಪೇಪರ್ ಓದುತ್ತಿದ್ದೆ. ಹಳೆಯ ನಲ್ಲಿ ಪೈಪಿರಬೇಕು ಎಂದುಕೊಂಡು, ಎದ್ದು ನೋಡದೆ, "ತೆಗಿ" ಎಂದಿದ್ದೆ. ಎಲೆಕ್ಟ್ರಿಷಿಯನ್‌ಗೆ ಇದನ್ನು ಹೇಳಲಿಲ್ಲ.

ಅವನು ಬೇರೆ ಕಡೆ ಗುಂಡಿ ತೋಡಿ, ಹೊಸ ಪೈಪ್ ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ ನೀರು ಹೊಯ್ದ. ಊಟದ ಹೊತ್ತಿಗೆ ಗೋಡೆಯ ಮೇಲೆ ಬಿಳಿಯ ಡಬ್ಬಿ ಕುಳಿತಿತ್ತು. ಒಂದೊಂದು ಲೈನಿಗೂ ಒಂದೊಂದು ಸ್ವಿಚ್ಚು, ಅವೆಲ್ಲಕ್ಕೂ ಮೇಲೆ ಒಂದು ದೊಡ್ಡದು. ಕರೆಂಟ್ ಎಲ್ಲಾದರೂ ಸೋರಿದರೆ ಆ ದೊಡ್ಡದು ತಾನಾಗಿಯೇ ಕೆಳಗೆ ಬಿದ್ದು ಕರೆಂಟ್ ಕಡಿಯುತ್ತದೆ ಎಂದು ವಿವರಿಸಿದ. ಹಾಲ್‌ನ ಸ್ವಿಚ್ಚು ಹಾಕಿದ, ಅಡುಗೆಮನೆ ಹಾಕಿದ, ಸ್ಕೂಟರಿನದು ಹಾಕಿದ. ಯಾವುದೂ ಬೀಳಲಿಲ್ಲ. ಬಚ್ಚಲುಮನೆಯ ಲೈನು ಹಾಕಿ ಗೀಸರ್ ಒತ್ತಿದ್ದೇ ತಡ, ಟಪ್ಪೆಂದು ಇಡೀ ಮನೆಯ ಕರೆಂಟ್ ಹೋಯಿತು. ಮತ್ತೆ ಹಾಕಿದ. ಮತ್ತೆ ಬಿತ್ತು.

ಗೀಸರ್ ಇಳಿಸಿ ಬಿಚ್ಚಿ ನೋಡಿದ. "ಒಳಗೆ ಕಾಯಿಲ್ ಒಡೆದೈತೆ. ಹೊರಗಿನ ಡಬ್ಬಕ್ಕೆ, ನಲ್ಲಿಗೆಲ್ಲ ಕರೆಂಟ್ ಬತ್ತಿತ್ತು. ಇದು ಇವತ್ತು ನಿನ್ನೇದಲ್ಲ ಸಾರ್, ಬಾಳ ವರ್ಷದ್ದು. ಯಾರಿಗೂ ಶಾಕ್ ಹೊಡೀಲಿಲ್ವಾ?"

"ಇಲ್ಲ" ಎಂದೆ.

ಮಗಳು ಅವನಿಗೆ ಕಾಫಿ ತಂದು ಬಾಗಿಲಲ್ಲಿ ನಿಂತಿದ್ದಳು. ಲೋಟ ಕೊಟ್ಟು ಒಳಗೆ ಹೋದಳು.

ನನ್ನ ಹೆಂಡತಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಬಚ್ಚಲುಮನೆಯಲ್ಲಿ ಬಿದ್ದಿದ್ದಳು. ಬಕೆಟ್ ಉರುಳಿದ ಸದ್ದು ಕೇಳಿ ಹೋಗಿ, ಚಿಲಕ ಮುರಿದು ಒಳಗೆ ನುಗ್ಗಿದ್ದೆ. ಆಟೋದಲ್ಲಿ ಬೇಲೂರಿಗೆ ಕರೆದೊಯ್ಯುವಷ್ಟರಲ್ಲಿ ಮುಗಿದಿತ್ತು. ಡಾಕ್ಟರು ಹೃದಯಾಘಾತ ಎಂದರು. ಅವಳಿಗೆ ಬಿಪಿ ಇತ್ತು, ಮಾತ್ರೆ ನುಂಗುತ್ತಿದ್ದಳು, ನಾವೆಲ್ಲ ನಂಬಿದೆವು.

ಅದಕ್ಕೂ ಎಷ್ಟೋ ತಿಂಗಳ ಮುಂಚೆ ಅವಳು ನನಗೆ ಹೇಳಿದ್ದಳು. "ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಕಣ್ರೀ, ಒಂಚೂರು ನೋಡಿ." ನಾನು ನಕ್ಕು, "ನಿನಗೆ ವಾತ. ನನಗ್ಯಾಕೆ ಅನ್ನಲ್ಲ?" ಎಂದಿದ್ದೆ. ಎರಡನೆಯ ಸಲ ಹೇಳಿದಾಗ ರೇಗಿದ್ದೆ. ಆಮೇಲೆ ಅವಳು ಹೇಳಲಿಲ್ಲ. ನನಗ್ಯಾಕೆ ಅನ್ನುತ್ತಿರಲಿಲ್ಲ ಎಂಬುದು ಆ ಭಾನುವಾರ ಹೊಳೆಯಿತು. ನಾನು ಆ ನಲ್ಲಿಯನ್ನು ಮುಟ್ಟುತ್ತಲೇ ಇರಲಿಲ್ಲ. ನನ್ನ ಸ್ನಾನಕ್ಕೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, "ನೀರು ಬಿಟ್ಟಿದೀನಿ" ಎಂದು ಕೂಗುತ್ತಿದ್ದವಳು ಅವಳು. ಅವಳು ಹೋದ ಮೇಲೆ ಆ ಕೆಲಸ ಮಗಳದಾಗಿತ್ತು.

ಎಲೆಕ್ಟ್ರಿಷಿಯನ್ ಹೋದ ಮೇಲೆ ಮಗಳನ್ನು ಕೇಳಿದೆ: "ನಿನಗೆ ಯಾವತ್ತಾದ್ರೂ ಜುಮ್ ಅಂದಿತ್ತಾ?"

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು ಚಪ್ಪಲಿ ಹಾಕ್ಕೊಂಡು, ಸ್ವಿಚ್ ಆಫ್ ಮಾಡೇ ನಲ್ಲಿ ಮುಟ್ಟೋದು. ಅಮ್ಮ ಹೇಳಿಕೊಟ್ಟಿದ್ಲು."

"ನನಗ್ಯಾಕೆ ಹೇಳಲಿಲ್ಲ?"

"ಅಪ್ಪನಿಗೆ ಹೇಳ್ಬೇಡ, ಸುಮ್ನೆ ಬೈತಾರೆ ಅಂದಿದ್ಲು. ನಾನೂ ಸುಮ್ನಾದೆ." ಒಂದು ಕಲ್ಲು ಆರಿಸಿ ಎಸೆದು, "ನಂಗೂ ಅವತ್ತಿಂದ ಅದೇ ಯೋಚನೆ ಅಪ್ಪಾ" ಎಂದಳು.

ಅವತ್ತಿಂದ ಎಂದರೆ ಅಮ್ಮ ಸತ್ತ ದಿನದಿಂದ. ಎರಡು ವರ್ಷ ನನ್ನ ಎದುರಿಗೇ ಓಡಾಡಿಕೊಂಡು ಅವಳು ಆ ಯೋಚನೆಯನ್ನು ಒಬ್ಬಳೇ ಹೊತ್ತಿದ್ದಳು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮಾರನೆಯ ದಿನ ಯಾರಿಗೂ ಹೇಳದೆ ಬಸ್ ಹತ್ತಿ ಬೇಲೂರಿಗೆ ಹೋದೆ. ಅದೇ ಡಾಕ್ಟರು ಇದ್ದರು. ಗೀಸರಿನ ವಿಷಯ ಹೇಳಿ, "ಶಾಕ್‌ನಿಂದಲೂ ಹಾಗಾಗಿರಬಹುದಾ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದಿಟ್ಟರು. "ಆಗಿರಬಹುದು. ಆಗದೇನೂ ಇರಬಹುದು. ಹಾರ್ಟೂ ವೀಕ್ ಇತ್ತು. ಈಗ ಹೇಗೆ ಹೇಳಲಿ ಸರ್? ಗೀಸರ್ ಆನ್ ಇತ್ತಾ ಅವತ್ತು?"

ನನಗೆ ನೆನಪಿರಲಿಲ್ಲ. ನಲ್ಲಿ ತೆರೆದಿತ್ತು, ಅದು ಗೊತ್ತು. ನೀರು ಅವಳ ಭುಜದ ಮೇಲೆ ಬೀಳುತ್ತಿತ್ತು. ಗೀಸರಿನ ಕೆಂಪು ದೀಪ ಉರಿಯುತ್ತಿತ್ತೋ ಇಲ್ಲವೋ, ಎಷ್ಟು ಸಲ ಕಣ್ಣು ಮುಚ್ಚಿ ಆ ಗೋಡೆಯನ್ನು ನೋಡಿಕೊಂಡರೂ ಕಾಣುವುದಿಲ್ಲ.

ಸಂಜೆ ಮಗಳು ಬಂದು ಹೆಲ್ಮೆಟ್ ತೆಗೆಯುವಾಗ ಹೇಳಿದೆ: "ಡಾಕ್ಟ್ರನ್ನ ಕೇಳ್ಕೊಂಡು ಬಂದೆ."

"ಏನಂದ್ರು?"

"ಹೇಳೋಕಾಗಲ್ಲ ಅಂದ್ರು."

"ಇನ್ನು ಯಾರನ್ನೂ ಕೇಳ್ಬೇಡಿ ಅಪ್ಪಾ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ತುಂಬಾ ದಣಿದಂತಿತ್ತು.

ಕೆಲವು ತಿಂಗಳಾದ ಮೇಲೆ ಅವಳ ಮೂರನೆಯ ವರ್ಷದ ಪುಣ್ಯಸ್ಮರಣೆ ಬಂತು. ಅರಸೀಕೆರೆಯಿಂದ ಹೆಂಡತಿಯ ತವರಿನವರೆಲ್ಲ ಬಂದಿದ್ದರು. ಊಟವಾದ ಮೇಲೆ ಅವಳ ಅಕ್ಕ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಪುಣ್ಯವಂತೆ. ನರಳಲಿಲ್ಲ, ಯಾರ ಕೈಲೂ ಸೇವೆ ಮಾಡಿಸ್ಕೊಳ್ಲಿಲ್ಲ. ಹಾರ್ಟ್ ಅಂದ್ರೆ ಹಂಗೇ, ಒಂದ್ ಗಳಿಗೆ" ಎಂದರು.

ನಾನು ಮಗಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. "ಹೂಂ ದೊಡ್ಡಮ್ಮ" ಎಂದು, ಊಟದ ಎಲೆ ಎತ್ತಲು ಬಗ್ಗಿದಳು.